ಎಲುಬು ನುಡಿದ ಸಾಕ್ಷ್ಯ

ಮಾಗಡಿಯ ಕೆರೆಯ ಹೆಸರು ಇತ್ತೀಚೆಗೆ ದೂರದೂರದವರಿಗೂ ಪರಿಚಿತವಾಗಿದೆ. ಚಳಿಗಾಲ ಬಂತೆಂದರೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿ ಬಂದಿಳಿಯುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿಗಳನ್ನು ನೋಡಲು ಬರುವ ಅತಿಥಿಗಳಿಗೆ ನಮ್ಮೂರು ಕೆರೆಯಿಂದ ನೆನಪಾಗುವುದು ಸಹಜವೇ. ನನಗಾದರೋ ಕೆರೆಯೆಂದೊಡನೆ ನೆನಪಾಗುವುದು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಏರಿಯಿಳಿದು ಬರುತ್ತಿದ್ದ ನನ್ನ ಅಕ್ಕ. ನಾವು ಚಿಕ್ಕವರಿದ್ದಾಗ ಮಳೆಯ ನೀರನ್ನೇ ಕುಡಿದು ಬೆಳೆದವರು. ಕೆರೆಯದಾದರೂ ಸರಿ, ಹೊಂಡದ್ದಾದರೂ ಸರಿ, ಅದು ಆಕಾಶದಿಂದ ಬಿದ್ದ ನೀರು. 1976ರಲ್ಲಿ ಅಕ್ಕನನ್ನು ಮುಂಡರಗಿ ಸೀಮೆಯ ಹಳ್ಳಿಯೊಂದಕ್ಕೆ ಕೊಟ್ಟೆವು. ಕೆಲವು ವರ್ಷಗಳಲ್ಲಿಯೇ ಆ ಮನೆಯ ಹಿತ್ತಲಿಗೆ ಕೊಳವೆಬಾವಿ ಬಂತು. ಕೊಡ ಹೊರುವ ಕಷ್ಟ ತಪ್ಪಿತೆಂದು ನಮ್ಮ ತಾಯಿ ಅಂದು ಸಂತೋಷದಿಂದ ಊರಿಗೆಲ್ಲ ಬೆಲ್ಲ ಹಂಚಿದ್ದರು.

ಈ ಲೇಖನದ ವಿಷಯ ವೈದ್ಯಕೀಯದಲ್ಲಿ ದೇಹದೊಳಗನ್ನು ಚಿತ್ರಿಸುವ ಮತ್ತು ಅಳೆಯುವ ವಿಧಾನಗಳು. ಕ್ಷ-ಕಿರಣ, ಸಿ.ಟಿ. ಸ್ಕ್ಯಾನ್, ಎಂ.ಆರ್.ಐ. ಮುಂತಾದ ಶಬ್ದಗಳು ಇಂದು ಪ್ರತಿಯೊಂದು ಮನೆಯಲ್ಲಿಯೂ ಕೇಳಿಬರುತ್ತವೆ. ದುಡ್ಡು ಕೊಟ್ಟು ಮಾಡಿಸಿಕೊಂಡು ಬಂದ ಮೇಲೂ ಅವು ಏನೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. ನಾನು ಮಠದಲ್ಲಿ ಸಂಸ್ಕೃತವನ್ನೂ ತರ್ಕವನ್ನೂ ಓದಿದವನೇ ಹೊರತು ವೈದ್ಯನಲ್ಲ. ಆದರೆ ಅಕ್ಕನ ಜೊತೆಗೆ ಏಳೆಂಟು ವರ್ಷ ಆಸ್ಪತ್ರೆಗಳಿಗೆ ಅಲೆಯುವಾಗ, ವೈದ್ಯರಿಂದ ಕೇಳಿ, ಪುಸ್ತಕಗಳಿಂದ ಓದಿ, ತಿಳಿದುಕೊಂಡದ್ದನ್ನು ಬಂಧುಗಳ ಮುಂದಿಡುತ್ತಿದ್ದೇನೆ. ಕಾರಣವಿಲ್ಲದೆ ಇದನ್ನು ಬರೆಯಲು ಕುಳಿತಿಲ್ಲವೆಂಬುದು ಮುಂದೆ ಓದಿದರೆ ವೇದ್ಯವಾದೀತು.

ಅಕ್ಕನಿಗೆ ಐವತ್ತು ದಾಟುವ ಹೊತ್ತಿಗೆ ಬೆನ್ನು ಬಿಗಿಯತೊಡಗಿತು. “ತಮ್ಮಾ, ಬಗ್ಗಿ ಕಸಾ ಹೊಡಿಯಾಕ ಆಗವಲ್ದು” ಎನ್ನುತ್ತಿದ್ದಳು. ಹತ್ತಿರದ ಊರಿನ ಆಸ್ಪತ್ರೆಯೊಂದರಲ್ಲಿ ವಾತವೆಂದು ಹೇಳಿ ಗುಳಿಗೆ ಕೊಟ್ಟರು. ವರ್ಷಗಟ್ಟಲೆ ಗುಳಿಗೆ ನುಂಗಿದಳು. ಆ ಸೀಮೆಯ ನೀರಿನಲ್ಲಿ ಫ್ಲೋರೈಡ್ ಇದೆಯೆಂಬ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು, ಕೇಳಿಯೂ ಕೇಳಿದೆ. ವೈದ್ಯರು ಅಕ್ಕನ ಬಾಯಿ ತೆರೆಸಿ ನೋಡಿ, ಹಲ್ಲು ಮುತ್ತಿನಂತಿವೆ, ಫ್ಲೋರೈಡಿನ ದೋಷವಾಗಿದ್ದರೆ ಹಲ್ಲಿನ ಮೇಲೆ ಕಂದು ಪಟ್ಟೆಗಳಿರುತ್ತಿದ್ದವು ಎಂದರು. ನಾನೂ ಒಪ್ಪಿದೆ. ಒಪ್ಪಬಾರದಾಗಿತ್ತು. ಹಲ್ಲಿನ ಪಟ್ಟೆ ಮೂಡುವುದು ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ಆ ನೀರನ್ನು ಕುಡಿದವರಿಗೆ ಮಾತ್ರ. ಅಕ್ಕನ ಬಾಲ್ಯ ಕಳೆದದ್ದು ಮಾಗಡಿಯಲ್ಲಿ. ಅವಳ ಹಲ್ಲು ತವರಿನ ನೀರಿಗೆ ಸಾಕ್ಷಿ, ಅವಳ ಎಲುಬು ಗಂಡನ ಮನೆಯ ನೀರಿಗೆ ಸಾಕ್ಷಿ. ಹಲ್ಲನ್ನು ಕೇಳಿ ಎಲುಬಿನ ವಿಷಯ ನಿರ್ಣಯಿಸಿದ್ದೇ ತಪ್ಪು. ನಮ್ಮ ಸೀಮೆಯಲ್ಲಿ ಸೊಸೆಯಂದಿರು ಬೇರೆ ಊರುಗಳಿಂದ ಬರುವವರಾದುದರಿಂದ ಈ ಮಾತನ್ನು ಎಲ್ಲರೂ ನೆನಪಿನಲ್ಲಿಡುವುದು ಲೇಸು.

ಈಗ ಮೂಲ ವಿಷಯಕ್ಕೆ ಬರೋಣ. 1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್ ಎಂಬ ಊರಿನಲ್ಲಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ ಎಂಬ ಭೌತವಿಜ್ಞಾನಿ ಕತ್ತಲೆಯ ಕೋಣೆಯಲ್ಲಿ ವಿದ್ಯುನ್ನಳಿಗೆಯೊಂದನ್ನು ಪರೀಕ್ಷಿಸುತ್ತಿದ್ದಾಗ, ಕಪ್ಪು ಕಾಗದ ಸುತ್ತಿದ ಆ ನಳಿಗೆಯಿಂದ ದೂರದಲ್ಲಿದ್ದ ಪರದೆ ತಾನಾಗಿ ಮಿನುಗಿತು. ಕಾರಣ ತಿಳಿಯದ ಆ ಕಿರಣಕ್ಕೆ, ಗಣಿತದಲ್ಲಿ ತಿಳಿಯದ ರಾಶಿಗೆ ಇಡುವ ಅಕ್ಷರವನ್ನೇ ಹೆಸರಾಗಿ ಇಟ್ಟ. ಕನ್ನಡದ ವಿದ್ವಾಂಸರು ಅದನ್ನು ಕ್ಷ-ಕಿರಣವೆಂದು ಕರೆದದ್ದು ಸಮಂಜಸವಾಗಿದೆ. ಡಿಸೆಂಬರ್ 22ರಂದು ಆತ ತನ್ನ ಪತ್ನಿಯ ಕೈಯ ಚಿತ್ರ ತೆಗೆದ. ಬೆರಳಿನ ಎಲುಬುಗಳೂ ಅದಕ್ಕಿಂತ ಗಾಢವಾಗಿ ಉಂಗುರವೂ ಕಂಡವು. 1901ರಲ್ಲಿ ಭೌತವಿಜ್ಞಾನದ ಮೊದಲ ನೊಬೆಲ್ ಪಾರಿತೋಷಕ ಆತನಿಗೆ ಸಂದಿತು. ತನ್ನ ಶೋಧಕ್ಕೆ ಪೇಟೆಂಟ್ ಪಡೆಯಲು ಆತ ಒಪ್ಪಲಿಲ್ಲ.

ಎಕ್ಸ್-ರೇ ಚಿತ್ರವೆಂದರೆ ನೆರಳು, ಅಷ್ಟೆ. ನಳಿಗೆಯಲ್ಲಿ ಅರುವತ್ತು ಎಪ್ಪತ್ತು ಸಾವಿರ ವೋಲ್ಟಿನ ಒತ್ತಡದಿಂದ ಧಾವಿಸುವ ಇಲೆಕ್ಟ್ರಾನುಗಳು ಟಂಗ್‌ಸ್ಟನ್ ಲೋಹವನ್ನು ಬಡಿಯುತ್ತವೆ. ಆ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಕ್ಷ-ಕಿರಣವಾಗುತ್ತದೆ, ಉಳಿದದ್ದೆಲ್ಲ ಬಿಸಿ. ಹೊರಟ ಕಿರಣ ದೇಹವನ್ನು ಹಾಯುವಾಗ ದಾರಿಯ ದ್ರವ್ಯ ಅದನ್ನು ತಡೆಯುತ್ತದೆ. ಪರಮಾಣುಸಂಖ್ಯೆ ಹೆಚ್ಚಿದಂತೆ ಈ ತಡೆ ಬಹುಬೇಗ ಏರುತ್ತದೆ. ಮಾಂಸದಲ್ಲಿರುವ ಇಂಗಾಲದ ಸಂಖ್ಯೆ 6, ಆಮ್ಲಜನಕದ್ದು 8. ಎಲುಬಿನ ಸುಣ್ಣಾಂಶವಾದ ಕ್ಯಾಲ್ಸಿಯಮ್ಮಿನದು 20. ಆದುದರಿಂದಲೇ ಮಾಂಸವನ್ನು ಸರಾಗವಾಗಿ ದಾಟಿದ ಕಿರಣ ಫಿಲ್ಮನ್ನು ಕಪ್ಪಾಗಿಸುತ್ತದೆ, ಎಲುಬಿನ ಹಿಂದೆ ಫಿಲ್ಮು ಬೆಳ್ಳಗುಳಿಯುತ್ತದೆ. ಇಂದು ಫಿಲ್ಮಿನ ಸ್ಥಾನದಲ್ಲಿ ಗಣಕಯಂತ್ರದ ಫಲಕ ಬಂದಿದ್ದರೂ ತತ್ತ್ವ ಅದೇ.

ನೆರಳಿನಲ್ಲಿ ಅಳತೆ ತೆಗೆಯುವುದಕ್ಕೂ ಒಂದು ಶಿಸ್ತಿದೆ. ದೀಪಕ್ಕೆ ಕೈ ಹತ್ತಿರ ಹಿಡಿದರೆ ಗೋಡೆಯ ಮೇಲೆ ನೆರಳು ದೊಡ್ಡದಾಗುವುದನ್ನು ಮಕ್ಕಳೂ ಬಲ್ಲರು. ಎದೆಯ ಚಿತ್ರ ತೆಗೆಯುವಾಗ ರೋಗಿಯನ್ನು ಫಲಕಕ್ಕೆ ಎದೆ ತಾಗಿಸಿ ನಿಲ್ಲಿಸಿ, ನಳಿಗೆಯನ್ನು ಬೆನ್ನ ಹಿಂದೆ ಆರು ಅಡಿ ದೂರದಲ್ಲಿಡುವುದು ಹೃದಯದ ನೆರಳು ಹಿಗ್ಗಬಾರದೆಂದು. ಹಾಗೆ ತೆಗೆದ ಚಿತ್ರದಲ್ಲಿ ಹೃದಯದ ಅಗಲ ಎದೆಗೂಡಿನ ಅಗಲದ ಅರ್ಧವನ್ನು ಮೀರಿದರೆ ವೈದ್ಯರು ಶಂಕಿಸುತ್ತಾರೆ. ಹಾಸಿಗೆಯಲ್ಲಿ ಅಂಗಾತ ಮಲಗಿಸಿ ತೆಗೆದ ಚಿತ್ರಕ್ಕೆ ಇದೇ ಲೆಕ್ಕ ಹಚ್ಚಿದರೆ ಇಲ್ಲದ ಹೃದಯರೋಗ ಬಂದೀತು.

ಪುನಃ ಅಕ್ಕನ ಕಥೆ. 2018ರಲ್ಲಿ ಅಳಿಯ ಅವಳನ್ನು ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದು ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿದ. ಡೆಕ್ಸಾ ಎಂದು ಕರೆಯುವ ಈ ಪರೀಕ್ಷೆಯಲ್ಲಿ ಎರಡು ಬಗೆಯ ಶಕ್ತಿಯ ಕ್ಷ-ಕಿರಣಗಳನ್ನು ಹಾಯಿಸಿ, ಮಾಂಸದ ಪಾಲನ್ನು ಕಳೆದು, ಎಲುಬಿನಲ್ಲಿ ಖನಿಜವೆಷ್ಟಿದೆಯೆಂದು ಲೆಕ್ಕ ಹಾಕುತ್ತಾರೆ. ಆರೋಗ್ಯವಂತ ತರುಣರ ಸರಾಸರಿಗೆ ಹೋಲಿಸಿ ಟಿ-ಅಂಕವೆಂಬ ಸಂಖ್ಯೆಯನ್ನು ಕೊಡುತ್ತಾರೆ. ಅದು ಋಣ 2.5 ಅಥವಾ ಅದಕ್ಕೂ ಕೆಳಗಿಳಿದರೆ ಎಲುಬು ಸವೆದಿದೆಯೆಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಗೊತ್ತುಮಾಡಿದರು. ಅಕ್ಕನ ಬೆನ್ನೆಲುಬಿನ ಅಂಕ ಋಣವಾಗಿರಲಿಲ್ಲ, ಧನವಾಗಿತ್ತು. “ಅಜ್ಜಿಯ ಎಲುಬು ಕಬ್ಬಿಣದಂತಿದೆ” ಎಂದು ಅಲ್ಲಿಯವರು ನಕ್ಕು ಕಳುಹಿಸಿದರು. ಮನೆಯವರೆಲ್ಲ ಸಮಾಧಾನಗೊಂಡರು. ಎಂಟು ತಿಂಗಳ ತರುವಾಯ ಅಡುಗೆಮನೆಯ ಹೊಸ್ತಿಲು ಎಡವಿ ಕುಸಿದಳು. ತೊಡೆಯ ಎಲುಬು ಕುತ್ತಿಗೆಯಲ್ಲಿ ಮುರಿಯಿತು. ಕಬ್ಬಿಣದಂಥ ಎಲುಬು ಹೊಸ್ತಿಲೆತ್ತರದಿಂದ ಬಿದ್ದರೆ ಮುರಿಯುತ್ತದೆಯೇ?

ಮುರಿದ ಎಲುಬನ್ನು ಜೋಡಿಸಲು ಬಂದ ಶಸ್ತ್ರವೈದ್ಯರು ಆಗಿನ್ನೂ ತರುಣರು. ಸೊಂಟದ ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತರು. ಮುರಿತವನ್ನು ನೋಡುತ್ತಿದ್ದಾರೆಂದು ನಾನು ತಿಳಿದೆ. ಅವರು ನೋಡುತ್ತಿದ್ದುದು ಅದನ್ನಲ್ಲ. ತಿರುಗಿ, “ಇವರ ಊರು ಯಾವುದು? ಕುಡಿಯುವ ನೀರು ಎಲ್ಲಿಯದು?” ಎಂದು ಕೇಳಿದರು. ಎಲುಬೆಲ್ಲ ಸುಣ್ಣದ ಕಲ್ಲಿನಂತೆ ಬೆಳ್ಳಗಾಗಿ, ಒಳಗಿನ ಜಾಲರಿಯ ಎಳೆಗಳು ಒಂದರೊಳಗೊಂದು ಕಲೆತುಹೋಗಿದ್ದವು. ಕೂಡಲೇ ಮುಂಗೈಯ ಇನ್ನೊಂದು ಚಿತ್ರ ತೆಗೆಸಿದರು. ಮುಂಗೈಯಲ್ಲಿ ಎರಡು ಎಲುಬುಗಳಿವೆ. ಅವುಗಳ ನಡುವೆ ತೆಳುವಾದ ಪೊರೆಯೊಂದು ಹರಡಿಕೊಂಡಿರುತ್ತದೆ. ಆರೋಗ್ಯವಂತರ ಚಿತ್ರದಲ್ಲಿ ಆ ಪೊರೆ ಕಾಣುವುದೇ ಇಲ್ಲ. ಅಕ್ಕನ ಚಿತ್ರದಲ್ಲಿ ಅದು ಗರಗಸದ ಹಲ್ಲಿನಂತೆ ಬೆಳ್ಳಗೆ ಕಂಡಿತು. ಪೊರೆ ಎಲುಬಾಗುತ್ತ ಬಂದಿತ್ತು. ಇದು ಫ್ಲೋರೋಸಿಸ್ ರೋಗದ ಗುರುತು. ಮುಂಗೈಯ ಒಂದು ಎಕ್ಸ್-ರೇಗೆ ತಗಲುವ ವೆಚ್ಚ ಅಕ್ಕ ಒಂದು ತಿಂಗಳಿಗೆ ನುಂಗುತ್ತಿದ್ದ ವಾತದ ಗುಳಿಗೆಗಳ ಬೆಲೆಯಷ್ಟೂ ಇರಲಿಲ್ಲ.

ಫ್ಲೋರೈಡ್ ಎಲ್ಲಿಂದ ಬಂತು? ಗದಗ ಜಿಲ್ಲೆಯ, ಅದರಲ್ಲಿಯೂ ಮುಂಡರಗಿ ಸೀಮೆಯ ಅಂತರ್ಜಲದಲ್ಲಿ ಅದು ಮಿತಿ ಮೀರಿರುವುದು ಹಲವು ಪರೀಕ್ಷೆಗಳಿಂದ ಸಿದ್ಧವಾಗಿದೆ. ಕಣಶಿಲೆ, ನೈಸ್ ಮುಂತಾದ ಕಲ್ಲುಗಳಲ್ಲಿರುವ ಖನಿಜಗಳಿಂದ ಅದು ನಿಧಾನವಾಗಿ ನೀರಿಗಿಳಿಯುತ್ತದೆ. ನೀರು ಕಲ್ಲಿನೊಡನೆ ಎಷ್ಟು ಹೆಚ್ಚು ಕಾಲ ಇರುತ್ತದೆಯೋ ಅಷ್ಟು ಹೆಚ್ಚು. ಮಳೆಯ ನೀರಿಗೆ, ಕೆರೆಯ ನೀರಿಗೆ ಈ ಸಹವಾಸವಿಲ್ಲ. ಆಳದ ಕೊಳವೆಬಾವಿಗೆ ಉಂಟು. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ನಡೆದೀತು ಎಂಬುದು ಭಾರತೀಯ ಮಾನಕ. ದೇಹಕ್ಕೆ ಸೇರಿದ್ದರಲ್ಲಿ ಮೂತ್ರದೊಡನೆ ಹೋಗದೆ ಉಳಿದದ್ದು ಹೆಚ್ಚಾಗಿ ಎಲುಬಿನಲ್ಲಿ ನೆಲೆಸುತ್ತದೆ. ನೀರನ್ನು ಕುದಿಸಿದರೆ ಹೋದೀತೆಂದು ನಮ್ಮ ತಾಯಂದಿರು ನಂಬುತ್ತಾರೆ. ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ.

ಈ ರೋಗವನ್ನು ಲೋಕಕ್ಕೆ ತೋರಿಸಿಕೊಟ್ಟದ್ದೂ ಕ್ಷ-ಕಿರಣವೇ ಎಂಬುದು ಸ್ವಾರಸ್ಯ. 1932ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ, ಕ್ರಯೋಲೈಟ್ ಎಂಬ ಫ್ಲೋರೈಡ್‌ಯುಕ್ತ ಖನಿಜವನ್ನು ಪುಡಿ ಮಾಡುವ ಕಾರ್ಖಾನೆಯ ಕೆಲಸಗಾರರ ಪುಪ್ಪುಸಗಳಲ್ಲಿ ಧೂಳಿನ ರೋಗವಿದೆಯೇ ಎಂದು ಮೋಲರ್ ಮತ್ತು ಗುದ್‌ಯಾನ್ಸನ್ ಎಂಬ ವೈದ್ಯರು ಎದೆಯ ಚಿತ್ರಗಳನ್ನು ತೆಗೆಯುತ್ತಿದ್ದರು. ಪುಪ್ಪುಸವನ್ನು ಹುಡುಕಹೋದವರಿಗೆ ಪಕ್ಕೆಲುಬುಗಳು ವಿಪರೀತ ಬೆಳ್ಳಗಾಗಿ ಕಂಡವು. ಐದು ವರ್ಷಗಳ ನಂತರ, 1937ರಲ್ಲಿ, ಅಂದಿನ ಮದ್ರಾಸ್ ಆಧಿಪತ್ಯದ ನೆಲ್ಲೂರು ಸೀಮೆಯ ಹಳ್ಳಿಗರಲ್ಲಿ ಇದೇ ರೋಗ ಕುಡಿಯುವ ನೀರಿನಿಂದ ಬರುವುದು ವರದಿಯಾಯಿತು. ಬೆನ್ನು ಬಿಗಿದು ಬಗ್ಗಲಾಗದ ಆ ರೈತರು ನಮ್ಮ ಸೀಮೆಯವರ ಅಣ್ಣತಮ್ಮಂದಿರೇ ಸರಿ.

ಇನ್ನು ಕಬ್ಬಿಣದ ಎಲುಬಿನ ಒಗಟು. ಮಠದಲ್ಲಿ ನಮಗೆ ತರ್ಕದ ಮೊದಲ ಪಾಠವೇ ಪ್ರತ್ಯಕ್ಷ ಬೇರೆ, ಅನುಮಾನ ಬೇರೆ ಎಂಬುದು. ಬೆಟ್ಟದ ಮೇಲಿನ ಹೊಗೆಯನ್ನು ನೋಡಿ ಬೆಂಕಿಯನ್ನು ಊಹಿಸುವುದು ಅನುಮಾನ. ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿಯಿರುತ್ತದೆಂಬ ವ್ಯಾಪ್ತಿ ನಿಂತರೆ ಮಾತ್ರ ಅದು ನಿಲ್ಲುತ್ತದೆ. ಖನಿಜ ಹೆಚ್ಚಿದ್ದರೆ ಎಲುಬು ಗಟ್ಟಿ ಎಂಬುದು ಸಾಮಾನ್ಯವಾಗಿ ನಿಲ್ಲುವ ವ್ಯಾಪ್ತಿ. ಫ್ಲೋರೋಸಿಸ್ಸಿನಲ್ಲಿ ಅದು ಮುರಿದುಬೀಳುತ್ತದೆ. ನೈಯಾಯಿಕರು ಇದನ್ನು ಹೇತ್ವಾಭಾಸವೆನ್ನುತ್ತಾರೆ. ಇದು ನನ್ನ ಪಾಂಡಿತ್ಯದ ಮಾತಲ್ಲ. 1990ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಿಗ್ಸ್ ಮತ್ತು ಸಂಗಡಿಗರು ಎಲುಬು ಸವೆದ 202 ಮಂದಿ ಸ್ತ್ರೀಯರ ಮೇಲೆ ನಾಲ್ಕು ವರ್ಷ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ಗುಂಪಿಗೆ ಸೋಡಿಯಂ ಫ್ಲೋರೈಡನ್ನೇ ಔಷಧವಾಗಿ ಕೊಟ್ಟಿದ್ದರು. ಅವರ ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ 35ರಷ್ಟು ಏರಿತು. ಬೆನ್ನೆಲುಬಿನ ಮುರಿತಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ. ಉಳಿದ ಎಲುಬುಗಳ ಮುರಿತಗಳು ಹೆಚ್ಚಾದವು. ಸುಣ್ಣ ಹೆಚ್ಚಾಗಿ ಬೆರೆತ ಗಾರೆ ತೂಕಕ್ಕೆ ಭಾರವಾಗಿದ್ದೂ ಪೆಟ್ಟಿಗೆ ಬಿರಿಯುವಂತೆ. ಅಕ್ಕನ ಟಿ-ಅಂಕ ಸುಳ್ಳಾಗಿರಲಿಲ್ಲ. ಅಳತೆ ಸರಿಯಾಗಿತ್ತು, ಅದರಿಂದ ಮಾಡಿದ ಅನುಮಾನ ತಪ್ಪಾಗಿತ್ತು. ಅಂಕವನ್ನು ಬರೆದವರು ಅಕ್ಕನ ಊರನ್ನು ಕೇಳಲಿಲ್ಲ. ಕೇಳಿದ್ದರೆ ಎಂದು ಈಗಲೂ ನನ್ನ ಮನಸ್ಸು ಒಮ್ಮೊಮ್ಮೆ ಕುದಿಯುತ್ತದೆ. ನೀರಿನ ಸುದ್ದಿ ತಿಳಿದೂ ನಾನಾದರೂ ಹೇಳಿದೆನೇ ಎಂದು ಮರುಕ್ಷಣ ತಣ್ಣಗಾಗುತ್ತದೆ.

ಶಸ್ತ್ರಕ್ರಿಯೆ ಸುಗಮವಾಗಿ ಆಯಿತು. ಎರಡು ವರ್ಷಗಳ ಮೇಲೆ ಅಕ್ಕನ ಕಾಲುಗಳಲ್ಲಿ ಜೋಮು ಹಿಡಿಯತೊಡಗಿತು. ಬೆನ್ನಹುರಿ ಹಾಯುವ ಕಾಲುವೆಯ ಒಳಗೋಡೆಯ ತಂತುಗಳೂ ಎಲುಬಾಗಿ, ಹುರಿಯನ್ನು ಒತ್ತುತ್ತಿರಬಹುದೆಂದು ವೈದ್ಯರಿಗೆ ಸಂಶಯ ಬಂತು. ಸಿ.ಟಿ. ಮತ್ತು ಎಂ.ಆರ್.ಐ. ಎರಡನ್ನೂ ಮಾಡಿಸಿರೆಂದರು. ಎರಡೇಕೆ, ದುಡ್ಡಿಗಾಗಿಯೇ ಎಂದು ಮನೆಯಲ್ಲಿ ಗುಸುಗುಸು ಆಯಿತು. ಅನಾವಶ್ಯಕ ಪರೀಕ್ಷೆಗಳು ನಡೆಯುವುದಿಲ್ಲವೆಂದು ನಾನು ಹೇಳಲಾರೆ. ಆದರೆ ಇಲ್ಲಿ ಎರಡಕ್ಕೂ ಬೇರೆ ಬೇರೆ ಕೆಲಸವಿತ್ತು: ಎಲುಬನ್ನು ಚೆನ್ನಾಗಿ ತೋರಿಸುವುದು ಸಿ.ಟಿ., ಹುರಿಯನ್ನು ಚೆನ್ನಾಗಿ ತೋರಿಸುವುದು ಎಂ.ಆರ್.ಐ.

ಸಾಧಾರಣ ಎಕ್ಸ್-ರೇಯ ದೋಷವೆಂದರೆ ದೇಹದ ಮುಂದಿನದು, ನಡುವಿನದು, ಹಿಂದಿನದು ಎಲ್ಲದರ ನೆರಳೂ ಒಂದರ ಮೇಲೊಂದು ಬೀಳುವುದು. ಹತ್ತು ಜನ ಒಬ್ಬರ ಹಿಂದೊಬ್ಬರು ನಿಂತರೆ ಗೋಡೆಯ ಮೇಲೆ ಒಂದೇ ನೆರಳು. ಸುತ್ತಲಿಂದ ನೆರಳುಗಳನ್ನು ತೆಗೆದು, ಅವುಗಳಿಂದ ಒಳಗಿನ ಒಂದೊಂದು ಬಿಂದುವಿನ ಸಾಂದ್ರತೆಯನ್ನು ಗಣಿತದಿಂದ ಹಿಂದಕ್ಕೆ ಪಡೆಯುವುದೇ ಸಿ.ಟಿ. ಇದನ್ನು ಬಂಧುಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ನಾಲ್ಕು ಗೂಡುಗಳಿರುವ ಒಂದು ಪೆಟ್ಟಿಗೆಯೆನ್ನಿ. ಮೇಲಿನ ಎರಡು ಗೂಡುಗಳಲ್ಲಿ 3 ಮತ್ತು 5 ಗೋಲಿಗಳು, ಕೆಳಗಿನ ಎರಡರಲ್ಲಿ 2 ಮತ್ತು 7. ಮುಚ್ಚಳ ಮುಚ್ಚಿ, ಅಡ್ಡಸಾಲಿನ ಮೊತ್ತ 8 ಮತ್ತು 9, ಉದ್ದಸಾಲಿನ ಮೊತ್ತ 5 ಮತ್ತು 12 ಎಂದಷ್ಟೇ ಮಗುವಿಗೆ ಹೇಳಿರಿ. ಆ ಮಗು ಮೇಲೆ 4 ಮತ್ತು 4, ಕೆಳಗೆ 1 ಮತ್ತು 8 ಎಂದೀತು. ಮೊತ್ತಗಳೆಲ್ಲ ಸರಿಹೊಂದುತ್ತವೆ, ಉತ್ತರ ಮಾತ್ರ ತಪ್ಪು. ಈಗ ಓರೆಯಾಗಿಯೂ ಒಂದು ಮೊತ್ತ ಕೊಡಿರಿ: 3 ಮತ್ತು 7 ಸೇರಿ 10. ಮಗುವಿನ ಉತ್ತರದಲ್ಲಿ ಅದು 12 ಆಗುತ್ತದೆ, ತಪ್ಪು ಸಿಕ್ಕಿಬಿತ್ತು. ದಿಕ್ಕುಗಳು ಹೆಚ್ಚಿದಂತೆ ಸಂದೇಹ ಕಡಿಮೆಯಾಗುತ್ತದೆ. ಯಂತ್ರ ನೂರಾರು ದಿಕ್ಕುಗಳಿಂದ ಇದನ್ನೇ ಮಾಡುತ್ತದೆ.

ಇದರ ಶುದ್ಧ ಗಣಿತವನ್ನು ಯೋಹಾನ್ ರಾಡಾನ್ ಎಂಬ ಗಣಿತಜ್ಞ 1917ರಲ್ಲಿಯೇ ಬರೆದಿಟ್ಟಿದ್ದ. ಅಲನ್ ಕಾರ್ಮಾಕ್ 1963ರಲ್ಲಿ ಸ್ವತಂತ್ರವಾಗಿ ಮತ್ತೊಮ್ಮೆ ಅದನ್ನು ಬಿಡಿಸಿದ. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಯಂತ್ರ ಕಟ್ಟಿದ. ಆತನ ಮೊದಲ ಪ್ರಯೋಗದಲ್ಲಿ ಒಂದು ಚಿತ್ರಕ್ಕೆ ಅಳತೆ ತೆಗೆಯಲು ಒಂಬತ್ತು ದಿನಗಳು ಹಿಡಿದಿದ್ದವು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. 1979ರಲ್ಲಿ ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರೂ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಒಂದಿದೆ. ಅದು ಜನರಿಗೆ ತಿಳಿಯದೆ ಹೋದದ್ದು ನನಗೆ ವಿಷಾದದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಎಂಬ ಮಹಾವಿಜ್ಞಾನಿಗಳಿದ್ದರು. ಕೇರಳದ ಎರ್ನಾಕುಲಂದಲ್ಲಿ 1922ರಲ್ಲಿ ಹುಟ್ಟಿದವರು. ಇಪ್ಪತ್ತರ ಹರೆಯದಲ್ಲಿ ಈ ಸಂಸ್ಥೆಗೆ ವಿದ್ಯುತ್ ತಂತ್ರಜ್ಞಾನ ಓದಲು ಬಂದಿದ್ದರು, ಸರ್ ಸಿ. ವಿ. ರಾಮನ್ ಅವರ ಕಣ್ಣಿಗೆ ಬಿದ್ದು ಭೌತವಿಜ್ಞಾನಕ್ಕೆ ತಿರುಗಿದರು. ಮುಂದೆ ಮದ್ರಾಸಿನಲ್ಲಿ, ಚರ್ಮ, ಎಲುಬು, ಸ್ನಾಯುಬಂಧಗಳಿಗೆ ಆಧಾರವಾದ ಕೊಲಾಜನ್ ಎಂಬ ಪ್ರೋಟೀನು ಮೂರೆಳೆಯ ಹುರಿಯಂತೆ ಹೊಸೆದುಕೊಂಡಿದೆಯೆಂದು ತೋರಿಸಿದರು. ಪುನಃ ಬೆಂಗಳೂರಿಗೆ ಬಂದು ಅಣುಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. 1971ರಲ್ಲಿ ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಕೂಡಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಪುಟಗಳ ಲೇಖನವೊಂದನ್ನು ಪ್ರಕಟಿಸಿದರು. ನೆರಳುಗಳಿಂದ ಚಿತ್ರವನ್ನು ಮರಳಿ ಪಡೆಯುವಾಗ ನೆರಳುಗಳನ್ನು ಬಂದ ದಾರಿಯಲ್ಲಿಯೇ ಸುಮ್ಮನೆ ಹಿಂದಕ್ಕೆ ಹರಡಿದರೆ ಚಿತ್ರವೆಲ್ಲ ಮಂಜು ಮುಸುಕಿದಂತೆ ಮಸುಕಾಗುತ್ತದೆ. ಹರಡುವ ಮೊದಲು ಒಂದೊಂದು ನೆರಳನ್ನೂ ಒಂದು ನಿರ್ದಿಷ್ಟ ಗಣಿತದ ಜರಡಿಯಿಂದ ಹಾಯಿಸಿ ಅಂಚುಗಳನ್ನು ಹರಿತಗೊಳಿಸಿರಿ, ಆಗ ಮಸುಕು ತಾನೇ ಕಳೆಯುತ್ತದೆ, ಲೆಕ್ಕವೂ ಬಹಳ ಬೇಗ ಮುಗಿಯುತ್ತದೆ ಎಂದರು. ಅಂದಿನ ಗಣಕಯಂತ್ರಗಳ ಅಲ್ಪ ಶಕ್ತಿಯನ್ನು ನೆನೆದರೆ ಈ ಮಾತಿನ ಬೆಲೆ ತಿಳಿದೀತು. ಆ ಜರಡಿಗೆ ಇಬ್ಬರ ಹೆಸರುಗಳನ್ನೂ ಕೂಡಿಸಿ “ರಾಮ್-ಲ್ಯಾಕ್” ಎಂದು ಲೋಕದ ಪಠ್ಯಪುಸ್ತಕಗಳೆಲ್ಲ ಕರೆಯುತ್ತವೆ. ಇಂದು ಹೊಸ ವಿಧಾನಗಳು ಬಂದಿವೆಯಾದರೂ ದಶಕಗಳ ಕಾಲ ಸಿ.ಟಿ. ಯಂತ್ರಗಳು ನಡೆದದ್ದು ಈ ಹಾದಿಯಲ್ಲಿ. ರಾಮಚಂದ್ರನ್ 2001ರಲ್ಲಿ ತೀರಿಕೊಂಡರು. ನೊಬೆಲ್ ಅವರನ್ನು ಅರಸಿ ಬರಲಿಲ್ಲ. ಸ್ಕ್ಯಾನ್ ಕೋಣೆಯಲ್ಲಿ ಅಕ್ಕನನ್ನು ಮಲಗಿಸಿದ ಹಲಗೆ ಒಳಸರಿದಾಗ ನಾನು ಗಾಜಿನಾಚೆ ನಿಂತು ಅವರನ್ನು ನೆನೆದೆ.

ಸಿ.ಟಿ.ಯಲ್ಲಿ ಒಂದೊಂದು ಬಿಂದುವಿಗೂ ಹೌನ್ಸ್‌ಫೀಲ್ಡನ ಹೆಸರಿನ ಅಂಕವುಂಟು. ನೀರು ಸೊನ್ನೆ, ಗಾಳಿ ಋಣ 1000, ಕೊಬ್ಬು ಋಣ 100ರ ಆಸುಪಾಸು, ಗಟ್ಟಿ ಎಲುಬು ಧನ 1000ದ ಆಸುಪಾಸು ಅಥವಾ ಮೇಲೆ. ಎಲ್ಲವನ್ನೂ ನೀರಿಗೆ ಹೋಲಿಸಿ ಅಳೆಯುವ ಈ ಕ್ರಮ ನನಗೆ ಬಹಳ ಹಿಡಿಸಿತು.

ಎಂ.ಆರ್.ಐ.ಯಲ್ಲಿ ಕ್ಷ-ಕಿರಣವಿಲ್ಲ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಪರಮಾಣುಬೀಜಗಳನ್ನು ಬಲವಾದ ಕಾಂತದಿಂದ ಸಾಲುಗೂಡಿಸಿ, ರೇಡಿಯೋ ಅಲೆಯಿಂದ ಕದಲಿಸಿ, ಅವು ಮರಳಿ ನೆಲೆಗೊಳ್ಳುವಾಗ ಕೊಡುವ ಕ್ಷೀಣ ಸಂಕೇತಗಳನ್ನು ಆಲಿಸುತ್ತಾರೆ. ಪಾಲ್ ಲಾಟರ್‌ಬರ್ 1973ರಲ್ಲಿ ಈ ವಿಧಾನದಿಂದ ಮೊದಲ ಚಿತ್ರ ಪ್ರಕಟಿಸಿದ. ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಶೀಘ್ರಗೊಳಿಸಿದ. 2003ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಕಾಂತದ ಬಲ ಭೂಮಿಯ ಕಾಂತಬಲದ ಮೂವತ್ತು ಸಾವಿರ ಪಟ್ಟಿಗೂ ಮಿಗಿಲು. ಆದುದರಿಂದ ಒಳಹೋಗುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಯಿರೆನ್ನುತ್ತಾರೆ. ಅಕ್ಕನ ತೊಡೆಯಲ್ಲಿದ್ದ ಲೋಹದ ಕೀಲಿನ ಬಗೆಗೂ ಚೀಟಿ ಕೇಳಿ, ಯಾವ ಲೋಹವೆಂದು ಖಚಿತಪಡಿಸಿಕೊಂಡರು.

ಬಳೆ, ಓಲೆ, ತಾಳಿಗಳನ್ನು ಅಕ್ಕ ತೆಗೆದುಕೊಟ್ಟಳು. ಕೊರಳ ಬೆಳ್ಳಿಯ ಕರಡಿಗೆಗೆ ಕೈಹಚ್ಚಿದಾಗ ಮಾತ್ರ “ಇದನ್ನ ತಗಿಯಂಗಿಲ್ಲ” ಎಂದು ಗಟ್ಟಿಯಾಗಿ ಹಿಡಿದುಕೊಂಡಳು. ದಾದಿಗೆ ಏನೂ ತೋಚಲಿಲ್ಲ. ಇಂಥ ಸಂದರ್ಭ ನಮ್ಮ ಎಷ್ಟೋ ಮನೆಗಳಲ್ಲಿ ಬರುವುದರಿಂದ ನಾನು ಮಾಡಿದ್ದನ್ನು ಹೇಳುತ್ತೇನೆ. ಕರಡಿಗೆಯನ್ನೂ ಲೋಹದ ಕೊಂಡಿಯಿದ್ದ ದಾರವನ್ನೂ ಬೇರ್ಪಡಿಸಿ, ಇಷ್ಟಲಿಂಗವನ್ನು ಶುಭ್ರವಸ್ತ್ರದಲ್ಲಿ ಕಟ್ಟಿ, ಒಳಗೆ ಲೋಹವೇನೂ ಇಲ್ಲವೆಂದು ತಂತ್ರಜ್ಞರಿಗೆ ತೋರಿಸಿದೆ. ಅವರು ಪರೀಕ್ಷಿಸಿ, ಮುಂಗೈಗೆ ವಸ್ತ್ರದಿಂದಲೇ ಕಟ್ಟಿಕೊಳ್ಳಲು ಒಪ್ಪಿದರು. ಒಪ್ಪದಿದ್ದರೆ ಒತ್ತಾಯಿಸಬಾರದು, ಅವರ ಮಾತೇ ಕಡೆಯದು. ಮನೆಯವರೊಬ್ಬರು ಅಂಗೈಯಲ್ಲಿ ಹಿಡಿದು ಬಾಗಿಲ ಹೊರಗೆ ಕುಳಿತರಾಯಿತು. ಎದೆಯ ಎಕ್ಸ್-ರೇಗೂ ಇದು ಅನ್ವಯಿಸುತ್ತದೆ. ಬೆಳ್ಳಿಯ ಪರಮಾಣುಸಂಖ್ಯೆ 47. ಎದೆಯ ಮೇಲಿನ ಕರಡಿಗೆ ಫಿಲ್ಮಿನಲ್ಲಿ ಅಚ್ಚ ಬಿಳಿಯ ಗುಂಡು ನೆರಳಾಗಿ ಬಿದ್ದು, ಅದರ ಹಿಂದೆ ಪುಪ್ಪುಸದಲ್ಲಿ ಏನಿದ್ದರೂ ಮುಚ್ಚಿಹೋಗುತ್ತದೆ. ಆ ಕ್ಷಣಕ್ಕೆ ಅದನ್ನು ಕರಸ್ಥಲದಲ್ಲಿ ಹಿಡಿದು ಕೈ ಪಕ್ಕಕ್ಕಿಟ್ಟರೆ ಸಾಕು. ಪೂಜೆಯಲ್ಲಿ ನಿತ್ಯವೂ ಅಂಗೈಗೆ ಬರುವ ಲಿಂಗ ಅಲ್ಲಿದ್ದರೆ ಅಂಗಕ್ಕೆ ಅಗಲಿದಂತೆ ಆಗುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಸೋನೋಗ್ರಫಿಯನ್ನು ಕುರಿತು ಎರಡು ಮಾತು. ಅದು ನಮ್ಮ ಕಿವಿಗೆ ಕೇಳಿಸದ ಶಬ್ದದ ಪ್ರತಿಧ್ವನಿಯಿಂದ ಮೂಡುವ ಚಿತ್ರ. ದೇಹದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಚಲಿಸುತ್ತದೆಂದು ಹಿಡಿದು, ಪ್ರತಿಧ್ವನಿ ಬರಲು ಹಿಡಿದ ಕಾಲದಿಂದ ಆಳವನ್ನು ಅಳೆಯುತ್ತಾರೆ. ವಿಕಿರಣದ ಭಯವಿಲ್ಲದ್ದರಿಂದ ಗರ್ಭಿಣಿಯರಿಗೆ ಇದೇ ಯೋಗ್ಯ. ಈ ಉಪಕಾರವನ್ನು ಹೆಣ್ಣುಭ್ರೂಣದ ಹತ್ಯೆಗೆ ಬಳಸಿದ್ದು ನಮ್ಮ ಸಮಾಜದ ಪಾತಕ. 1994ರ ಕಾಯಿದೆ ಗಂಡು ಹೆಣ್ಣೆಂದು ಹೇಳುವುದನ್ನೂ ಕೇಳುವುದನ್ನೂ ಅಪರಾಧವಾಗಿಸಿದೆ. ಸ್ತ್ರೀಯರಿಗೂ ಲಿಂಗದೀಕ್ಷೆ ಕೊಟ್ಟ ಪರಂಪರೆಯ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳುವ ಪ್ರಸಂಗ ಬರಬಾರದಾಗಿತ್ತು.

ವಿಕಿರಣದ ಭಯವನ್ನು ಕೆಲವರು ಅತಿಯಾಗಿ ಇಟ್ಟುಕೊಂಡಿದ್ದಾರೆ, ಕೆಲವರು ಇಟ್ಟುಕೊಂಡೇ ಇಲ್ಲ. ದೇಹಕ್ಕೆ ತಗಲುವ ವಿಕಿರಣದ ಪರಿಣಾಮವನ್ನು ಸೀವರ್ಟ್ ಎಂಬ ಮಾನದಿಂದ, ಅದರ ಸಾವಿರದೊಂದು ಭಾಗವಾದ ಮಿಲಿಸೀವರ್ಟಿನಿಂದ ಅಳೆಯುತ್ತಾರೆ. ಯಾವ ಪರೀಕ್ಷೆಯನ್ನೂ ಮಾಡಿಸದವನಿಗೂ ನೆಲದಿಂದ, ಗಾಳಿಯಿಂದ, ಆಕಾಶದಿಂದ ವರ್ಷಕ್ಕೆ ಲೋಕದ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ ತಗಲುತ್ತದೆ. ಎದೆಯ ಒಂದು ಎಕ್ಸ್-ರೇ 0.1ನ್ನೂ ಮೀರುವುದಿಲ್ಲ, ಮುಂಗೈಯದು ಅದಕ್ಕಿಂತಲೂ ಎಷ್ಟೋ ಕಡಿಮೆ. ಹೊಟ್ಟೆಯ ಸಿ.ಟಿ. ಮಾತ್ರ 8ರಿಂದ 10ರಷ್ಟು, ಎಂದರೆ ನಿಸರ್ಗದ ಮೂರು ನಾಲ್ಕು ವರ್ಷಗಳ ಪಾಲು ಒಂದೇ ಬಾರಿಗೆ. ಅಗತ್ಯವಿದ್ದಾಗ ಹಿಂಜರಿಯಬಾರದು, ಹಳೆಯ ಫಿಲ್ಮನ್ನು ಮನೆಯಲ್ಲಿ ಕಳೆದುಕೊಂಡು ಮತ್ತೊಮ್ಮೆ ತೆಗೆಸುವುದು ಮಾತ್ರ ನಮ್ಮದೇ ತಪ್ಪು. ಗರ್ಭವಿರುವ ಸಂಶಯವಿದ್ದರೂ ಸಂಕೋಚಪಡದೆ ಮೊದಲೇ ಹೇಳಬೇಕು.

ಬೆನ್ನು ಬಿಗಿದವರು ಮನೆಯಲ್ಲಿದ್ದರೆ ಮೂರು ಚಲನೆಗಳನ್ನು ಮಾಡಿಸಿ ನೋಡಬಹುದು: ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈಗಳನ್ನು ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ ಫ್ಲೋರೋಸಿಸ್ಸೇ ಎಂದಲ್ಲ, ಬೇರೆ ರೋಗಗಳಲ್ಲಿಯೂ ಹೀಗಾಗುತ್ತದೆ. ಎಲುಬು ಬೆಳ್ಳಗೆ ಕಾಣುವುದಕ್ಕೂ ಬೇರೆ ಕಾರಣಗಳುಂಟು. ವೈದ್ಯರಿಗೆ ಮಾತ್ರ ನೀರಿನ ಮೂಲವನ್ನು ಅವರು ಕೇಳದಿದ್ದರೂ ಹೇಳಿರಿ, ಮುಂಗೈಯ ಚಿತ್ರವೊಂದನ್ನು ತೆಗೆಯಬಹುದೇ ಎಂದು ವಿಚಾರಿಸಿರಿ. 2015ರಿಂದ ಗದಗಿನಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜಿದೆ. ಹುಬ್ಬಳ್ಳಿಯ ಕಾಲೇಜಂತೂ 1957ರಿಂದ ಇದೆ.

ಅಕ್ಕನ ಹುರಿಯ ಮೇಲೆ ಒತ್ತಡವಿದೆ, ಆದರೆ ಸದ್ಯಕ್ಕೆ ಶಸ್ತ್ರಕ್ರಿಯೆ ಬೇಡ, ಕಾದು ನೋಡೋಣ ಎಂದರು. ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟೆವು; ಮಿತಿಯ ಎರಡು ಪಟ್ಟನ್ನೂ ದಾಟಿತ್ತು. ಈಗ ಆ ಮನೆಯಲ್ಲಿ ಕುಡಿಯಲು, ಅಡುಗೆಗೆ ಹೊಳೆಯ ನೀರು. ಕಳೆದ ವರ್ಷ ಮತ್ತೆ ತೆಗೆಸಿದ ಮುಂಗೈಯ ಚಿತ್ರ ಮೊದಲಿನಷ್ಟೇ ಬೆಳ್ಳಗಿತ್ತು. ದಶಕಗಳಲ್ಲಿ ಸೇರಿದ್ದು ಎರಡು ಮೂರು ವರ್ಷಗಳಲ್ಲಿ ಹೋಗುವುದಿಲ್ಲ. ಅವಳ ಮೊಮ್ಮಗನಿಗೆ ಹೊಸ ಹಲ್ಲುಗಳು ಬಂದಿವೆ. ಮೇಲಿನ ಎರಡರಲ್ಲಿ ಸುಣ್ಣದ ಗೀರಿನಂಥ ತೆಳುವಾದ ಬಿಳಿಯ ಗೆರೆಗಳಿವೆ, ಹಿಂದೆ ಬರುತ್ತಿರುವವು ಶುಭ್ರವಾಗಿವೆ. ಮೊನ್ನೆ ಹೋಗಿದ್ದಾಗ ಅಕ್ಕ ಕೋಲೂರಿ ನಿಂತು ಹಿತ್ತಲಿನ ಬಾನಿಯನ್ನು ತೋರಿಸಿ, “ತಮ್ಮಾ, ಈ ನೀರು ಎಮ್ಮಿಗೆ ನಡಿತೈತೇನು?” ಎಂದು ಕೇಳಿದಳು. ದನಗಳ ಎಲುಬಿಗೂ ಇದು ಹತ್ತುತ್ತದೆಂದು ಪಶುವೈದ್ಯರು ಹೇಳಿದ್ದನ್ನು ತಿಳಿಸಿದೆ. ಎಮ್ಮೆಗಳಿಗೂ ಸಾಲುವಷ್ಟು ಹೊಳೆಯ ನೀರು ಆ ಓಣಿಗೆ ಇನ್ನೂ ಬರುತ್ತಿಲ್ಲ. ಬಾನಿಗೆ ಬೀಳುತ್ತಿರುವುದು ಕೊಳವೆಬಾವಿಯ ನೀರೇ.